ಕಿಲ್ಟಿಗೊಂದು ಕೋಟು

ಕುವೈತಿನ ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಒಂದು ಕಾನೂನಿತ್ತು. ಲುಂಗಿ ಬಾಗಿಲು ದಾಟಬಾರದು. ಮಾಡಿದವರು ನಾವಲ್ಲ, ಕೆಳಗಿನ ಹಾರಿಸ್. ಹಾರಿಸ್ ಎಂದರೆ ಕಟ್ಟಡದ ಕಾವಲಿನವನು, ಆದರೆ ಅವನ ಗತ್ತು ನೋಡಿದರೆ ಕಟ್ಟಡವೇ ಅವನದ್ದು ಅನ್ನಬೇಕು. ನಾವು ಬಂದ ಹೊಸದರಲ್ಲಿ, ಯುದ್ಧ ಮುಗಿದು ಹೆಚ್ಚು ದಿನವಾಗಿರಲಿಲ್ಲ, ನನ್ನ ಗಂಡ ಕಸದ ಚೀಲ ಹಿಡಿದು ಲುಂಗಿಯಲ್ಲೇ ಲಿಫ್ಟಿನಿಂದ ಇಳಿದರು. ಅವನು ಎಲ್ಲರೆದುರು "ಐಬ್, ಐಬ್" ಎಂದು ಕೂಗಾಡಿದ. ನಾಚಿಕೆಗೇಡು ಎಂದು ಅರ್ಥ. ಇವರು ಚೀಲ ಸಮೇತ ವಾಪಸ್ಸು ಬಂದರು. ಅಂದಿನಿಂದ ಕಸ ಹಾಕಲಿಕ್ಕೂ ಪ್ಯಾಂಟು.

ನನ್ನ ಗಂಡ ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಫೈಲು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಬೆಳಿಗ್ಗೆ ಆರಕ್ಕೆ ಕಂಪನಿಯ ಬಸ್ಸು. ಮಾತು ಕಡಿಮೆ. ಹೇಳಬೇಕಾದ್ದರಲ್ಲಿ ಅರ್ಧ ಹೇಳಿ, ಉಳಿದರ್ಧ ನಮಗೆ ಗೊತ್ತಿರಬೇಕು ಎಂದು ತಿಳಿಯುವ ಜಾತಿ. ನಾನು ಅದಕ್ಕೆ ತದ್ವಿರುದ್ಧ. ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡು, ಬ್ನೇದ್ ಅಲ್ ಗಾರ್‌ನಿಂದ ಬರುವ ನರ್ಸುಗಳಿಗೆ ರವಿಕೆ, ಮಕ್ಕಳಿಗೆ ಮೊದಲ ಪರಮಪ್ರಸಾದದ ಬಿಳಿ ಫ್ರಾಕು ಹೊಲಿಯುತ್ತ, ದಿನವಿಡೀ ಮೆಷಿನ್ನಿಗಿಂತ ಹೆಚ್ಚು ಸದ್ದು ಮಾಡುತ್ತಿದ್ದವಳು. ನನ್ನ ಕೈ ಒಳ್ಳೆಯದು ಎಂಬ ಜಂಬ ನನಗಿತ್ತು. ಆ ಜಂಬದ ಕಥೆಯೇ ಇದು.

ಮಗ ಒಬ್ಬನೇ. ಹೈಸ್ಕೂಲಿನವರೆಗೆ ಇಲ್ಲೇ ಓದಿ, ಹಡಗಿನ ಎಂಜಿನ್ನಿನ ಕೆಲಸ ಕಲಿಯಲಿಕ್ಕೆ ಸ್ಕಾಟ್ಲೆಂಡಿಗೆ ಹೋದ. ಓದು ಮುಗಿದ ಮೇಲೆ ಕುವೈತಿಗೆ ಬರುತ್ತಾನೆ ಎಂದು ಅಪ್ಪ ಕಾದರು, ತಮ್ಮ ಕಫೀಲನ, ಎಂದರೆ ವೀಸಾ ಕೊಟ್ಟ ಧಣಿಯ ಹತ್ತಿರ ಒಂದು ಕೆಲಸವನ್ನೂ ಮಾತಾಡಿಟ್ಟರು. ಇವನು ಬರಲಿಲ್ಲ, ಅಲ್ಲೇ ಒಂದು ವರ್ಕ್‌ಶಾಪಿಗೆ ಸೇರಿಕೊಂಡ. ಆಮೇಲೆ ಮೂರು ವರ್ಷ ಅಪ್ಪ ಮಗ ಮಾತಾಡಿದ್ದೆಲ್ಲ ನನ್ನ ಬಾಯಿಯಿಂದ. "ಊಟ ಆಯ್ತಾ ಕೇಳು" ಎಂದು ಇವರು ಪೇಪರಿನ ಹಿಂದಿನಿಂದ ಹೇಳುವುದು. "ಟೆಲ್ ಹಿಮ್ ಐ ಏಟ್" ಎಂದು ಅವನು ಫೋನಿನಿಂದ ಹೇಳುವುದು. ನಾನು ನಡುವೆ ಟಪಾಲಿನವಳು.

ಹಾಗಾಗಿ ನಮ್ಮ ಮದುವೆಯ ಬೆಳ್ಳಿಹಬ್ಬ ಹತ್ತಿರ ಬಂದಾಗ ನನಗೆ ಬೇಕಿದ್ದದ್ದು ಒಂದೇ. ಇಗರ್ಜಿಯಲ್ಲಿ ಪೂಜೆ, ಆಮೇಲೆ ಹಾಲ್‌ನಲ್ಲಿ ಊಟ, ಕೇಕು, ಅದೆಲ್ಲ ಹೇಗೂ ಆಗುತ್ತದೆ. ಅಪ್ಪ ಮಗ ಒಟ್ಟಿಗೆ ನಿಂತ ಒಂದು ಫೋಟೋ ಬೇಕಿತ್ತು. ಅದಕ್ಕಾಗಿ ನಾನು ಏನನ್ನು ಬೇಕಾದರೂ ಮಾಡುತ್ತಿದ್ದೆ. ಮಾಡಿಯೂ ಬಿಟ್ಟೆ.

ಜನವರಿಯಲ್ಲಿ ಮಗ ಬಂದ, ಹಬ್ಬಕ್ಕೆ ಆರು ದಿನ ಇರುವಾಗ. ಅಪ್ಪನ ಗಲ್ಲಕ್ಕೆ ಗಲ್ಲ ತಾಗಿಸಿದ, ಅಪ್ಪ ಬೆನ್ನು ತಟ್ಟಿದರು, ಇಬ್ಬರೂ ಟೀವಿ ನೋಡಿದರು. ನಾನು ಅವನ ಬ್ಯಾಗು ಬಿಚ್ಚುವಾಗ ಒಂದು ದಪ್ಪ ಕಪ್ಪು ಬಟ್ಟೆ ಕೈಗೆ ಸಿಕ್ಕಿತು. ಹಿಡಿದೆತ್ತಿದರೆ ಲಂಗ. ಎರಡೂ ಪಕ್ಕ ದೊಡ್ಡ ದೊಡ್ಡ ಜೇಬು, ಅದರ ಮೇಲೆ ಉಕ್ಕಿನ ಗುಂಡಿ, ಒಂದು ಚೈನು ಬೇರೆ.

"ಇದು ಯಾವ ಹುಡುಗಿದು?" ಎಂದೆ.

"ಮಮ್ಮೀ! ಇಟ್ಸ್ ಮೈನ್. ಇಟ್ಸ್ ಎ ಕಿಲ್ಟ್."

ಅಲ್ಲಿನ ಗಂಡಸರ ಉಡುಪಂತೆ. ಹಿಂದಿನದು ಚೌಕಳಿಯ ಉಣ್ಣೆಯದ್ದು, ಮದುವೆ ಮುಂಜಿಗೆ. ಇದು ಈಗಿನ ಹುಡುಗರು ಟೀ ಶರ್ಟು, ಬೂಟಿನ ಜೊತೆ ದಿನನಿತ್ಯ ಹಾಕುವ ಕ್ಯಾನ್ವಾಸಿನದ್ದು. ಬೆಳ್ಳಿಹಬ್ಬಕ್ಕೆ ಇದನ್ನೇ ಉಡುತ್ತೇನೆ ಎಂದ. ಅಲ್ಲಿ ಅವನನ್ನು ಮನೆಯವನಂತೆ ನೋಡಿಕೊಂಡ ಜನರದ್ದು, ಅವರ ಮರ್ಯಾದೆಯ ಬಟ್ಟೆ, ನನಗಿದು ಮುಖ್ಯ ಎಂದು ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದ. ಟೀವಿಯ ಮುಂದಿದ್ದವರಿಗೆ ಎಲ್ಲ ಕೇಳಿಸುತ್ತಿತ್ತು.

"ನನ್ನ ಲುಂಗಿ ಲಿಫ್ಟು ಇಳಿಯಬಾರದು. ಅವನ ಲುಂಗಿ ಇಗರ್ಜಿಯ ಆಲ್ತಾರಿನವರೆಗೆ ಬರಬಹುದಾ?" ಎಂದರು ಅವರು, ನನ್ನನ್ನು ನೋಡಿ.

"ಇಟ್ಸ್ ನಾಟ್ ಎ ಲುಂಗಿ, ಡ್ಯಾಡಿ."

"ಜೇಬುಂಟು, ಚೈನುಂಟು. ಮೆಕ್ಯಾನಿಕ್ಕಿನ ಲುಂಗಿ." ಆಮೇಲೆ ನನಗೆ, "ಬರುವುದಾದರೆ ಮರ್ಯಾದೆಯಲ್ಲಿ ಬರಲಿಕ್ಕೆ ಹೇಳು" ಎಂದರು.

ಮಗ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನನಗೆ ಮಾತ್ರ ಒಂದು ದಾರಿ ಕಾಣಿಸಿತು. ಬೇಡ ಎಂದಿರಲಿಲ್ಲವಲ್ಲ, ಮರ್ಯಾದೆಯಲ್ಲಿ ಬರಲಿ ಎಂದರು. ಲುಂಗಿಗೆ ಮರ್ಯಾದೆ ಹೊಲಿಯುವುದು ನನ್ನ ಕೈಯಲ್ಲಿತ್ತು.

ಮರುದಿನ ಅವರ ಬಸ್ಸು ಹೋದದ್ದೇ ನಾನು ಮಗ ಕೂತೆವು. ಅವನು ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದ. ಮೊದಲು ಚೈನು ಕಳಚಿ ಬದಿಗಿಟ್ಟೆ. ಜೇಬುಗಳ ಹೊಲಿಗೆ ಬಿಚ್ಚಿ, ತೂತು ಕಾಣದ ಹಾಗೆ ರಫು ಮಾಡಿದೆ. ಇಸ್ತ್ರಿ ಹಾಕುವಾಗ ನೆರಿಗೆಯನ್ನು ಮುಂದಕ್ಕೆ ತಿರುಗಿಸಿದೆ, ಅವನು ನಕ್ಕು ಹಿಂದಕ್ಕೆ ತಿರುಗಿಸಿದ. ನಮ್ಮ ಸೀರೆಗೆ ನೆರಿಗೆ ಮುಂದೆ, ಇವರದ್ದು ಮುಂದೆ ಬೋಳು, ನೆರಿಗೆಯೆಲ್ಲ ಬೆನ್ನಿಗೆ. ಆ ಬೋಳನ್ನು ಮುಚ್ಚಲಿಕ್ಕೆ ಸೊಂಟದಿಂದ ಒಂದು ಚರ್ಮದ ಚೀಲ ತೂಗುಬಿಡುತ್ತಾರಂತೆ, ನನ್ನ ಹಳೆಯ ಕಪ್ಪು ಹ್ಯಾಂಡ್‌ಬ್ಯಾಗು ಕತ್ತರಿಸಿ ಅದನ್ನೂ ಮಾಡಿದೆ. ಮೊಣಕಾಲಿನವರೆಗೆ ಬಿಳಿ ಸಾಕ್ಸು, ಅದರ ಮಡಿಕೆಯಿಂದ ಇಣುಕುವ ಎರಡು ಕೆಂಪು ಪಟ್ಟಿ. ಕೆಂಪು ಬಟ್ಟೆಗೆ ಹುಡುಕಿದೆ. ಕಪಾಟಿನಲ್ಲಿ ನನ್ನ ಸಾಡೊ ಇತ್ತು, ಮದುವೆಯ ಕೆಂಪು ಸೀರೆ. ಅದರ ಸೆರಗಿನ ಒಳಗಿನಿಂದ ಎರಡು ಬೆರಳು ಕತ್ತರಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸಾಡೊಗೆ ಕತ್ತರಿ ಹಾಕುವುದೇ ಎಂದು ಕೈ ಹಿಂದೆಗೆದೆ, ಅಂಗಡಿಗೆ ಹೋಗಿ ರಿಬ್ಬನ್ ತಂದೆ. ಇದನ್ನು ನಾನು ಮುದ್ದಾಂ ಬರೆಯುತ್ತಿದ್ದೇನೆ.

ಉಳಿದದ್ದು ಕೋಟು. ಸಾಧಾರಣ ಕೋಟು ಇದಕ್ಕೆ ಆಗುವುದಿಲ್ಲ, ಉದ್ದ ಇದ್ದರೆ ನೆರಿಗೆ ಮುಚ್ಚಿ ಮಳೆಗಾಲದ ರೈನ್‌ಕೋಟಿನಂತೆ ಕಾಣುತ್ತದೆ. ಸೊಂಟಕ್ಕೆ ನಿಲ್ಲುವ ಗಿಡ್ಡ ಕೋಟು ಬೇಕು. ಕುವೈತಿನಲ್ಲಿ ಅದು ಎಲ್ಲಿಂದ ಸಿಗಬೇಕು? ಇದ್ದ ಒಂದು ಕೋಟನ್ನು ಗಿಡ್ಡ ಮಾಡಬಹುದು ಎಂದು ಮಗನೇ ಹೇಳಿದ.

ಆಗ ನನಗೆ ಅಕ್ಟೋಬರಿನ ಒಂದು ಬೆಳಗು ನೆನಪಾಯಿತು. ನಾನು ಕಪಾಟಿನ ಮೇಲಿನ ಸೂಟ್‌ಕೇಸುಗಳನ್ನೆಲ್ಲ ಇಳಿಸಿ, ಮನೆ ತುಂಬ ಗುಜರಿ ಎಂದು ಗೊಣಗುತ್ತಿದ್ದೆ. ಅವರು ಬೂಟಿನ ಲೇಸು ಕಟ್ಟುತ್ತ, ತಲೆ ಎತ್ತದೆ, "ನನ್ನ ಮದುವೆ ಕೋಟು ತೆಗಿಲಿಕ್ಕುಂಟು" ಎಂದರು. ಅಷ್ಟೇ. ಬಸ್ಸಿನ ಹಾರ್ನು ಕೇಳಿಸಿತು, ಹೋದರು.

ನಮ್ಮ ಮನೆಮಾತು ಕೊಂಕಣಿ. ನಾನು ಓದಿದ್ದು ಕನ್ನಡ ಶಾಲೆಯಲ್ಲಾದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಮಾತಿನ ಮಟ್ಟಿಗೆ ಎರಡೂ ಒಂದೇ. ಕೊಂಕಣಿಯ 'ಕಾಡ್' ಎಂಬುದೂ ಕನ್ನಡದ 'ತೆಗಿ'ಯ ಹಾಗೆ ಎರಡು ಕಡೆ ಸಲ್ಲುತ್ತದೆ. ಒಳಗಿದ್ದದ್ದನ್ನು ಹೊರಗೆ ತೆಗೆಯುವುದೂ ತೆಗೆಯುವುದೇ, ಬೇಡದ್ದನ್ನು ಮನೆಯಿಂದ ತೆಗೆದುಹಾಕುವುದೂ ತೆಗೆಯುವುದೇ. ಗುಜರಿಯ ನಡುವೆ ಕೂತವಳಿಗೆ ಯಾವುದು ಕೇಳಿಸಬೇಕೋ ಅದೇ ಕೇಳಿಸಿತು. ಯಾವ ತೆಗೆಯುವುದು ಎಂದು ಒಂದು ಮಾತು ಕೇಳಬಹುದಿತ್ತು. ದಿನಕ್ಕೆ ಸಾವಿರ ಮಾತಾಡುವವಳು ಆ ಒಂದನ್ನು ಕೇಳಲಿಲ್ಲ.

ಸೂಟ್‌ಕೇಸು ಇಳಿಸಿ ನೋಡಿದರೆ ಕೋಟು ಮಾತ್ರ ಇತ್ತು, ಪ್ಯಾಂಟು ಇರಲಿಲ್ಲ. ಹುಳ ತಿಂದಿತೆಂದು ಯಾವಾಗಲೋ ಎಸೆದಿರಬೇಕು ಅಂದುಕೊಂಡೆ. ಹಳೆಯದೊಂದು ಸಿಕ್ಕಿತು ಎಂದಷ್ಟೇ ಮಗನಿಗೆ ಹೇಳಿದೆ. ಊರಿನ ಹಂಪನಕಟ್ಟೆಯ ದರ್ಜಿ ಹೊಲಿದ ಕೋಟು. ಇದ್ದಲು ಬಣ್ಣ, ಒಳಗೆ ತಿಳಿಬೂದು ಲೈನಿಂಗು, ಇಪ್ಪತ್ತೈದು ವರ್ಷಕ್ಕೂ ಒಂದು ನೂಲು ಸಡಿಲಿಸಿರಲಿಲ್ಲ. ಆ ಕೈಯನ್ನು ಹೊಗಳುತ್ತಲೇ ಮೇಜಿನ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಸೊಂಟದ ಕೆಳಗಿನ ಭಾಗವನ್ನು ಕತ್ತರಿಸಿದೆ. ಕತ್ತರಿ ಚೆನ್ನಾಗಿ ಹೋಯಿತು. ಮಗ ಸಪೂರ, ಪಕ್ಕದ ಹೊಲಿಗೆಗಳನ್ನು ಒಳಗೆ ಹಿಡಿದೆ. ಕೆಳಗಿನ ತುಂಡುಗಳನ್ನು, ದರ್ಜಿಯ ಚಾಳಿ, ಚೂರುಬಟ್ಟೆಯ ಚೀಲಕ್ಕೆ ಸೇರಿಸಿದೆ. ಮಿಕ್ಕಿದ ಬಟ್ಟೆಯನ್ನು ಎಸೆಯುವ ಅಭ್ಯಾಸ ನನಗಿಲ್ಲ.

ಗುರುವಾರ ಮಧ್ಯಾಹ್ನ ಎಲ್ಲ ಮುಗಿಯಿತು. ಬಿಳಿ ಶರ್ಟು, ಟೈ, ಗಿಡ್ಡ ಕೋಟು, ಕಿಲ್ಟು, ಚೀಲ, ಸಾಕ್ಸು, ಪಾಲಿಶ್ ಮಾಡಿದ ಷೂ. ಮಗ ಹಾಲ್‌ನ ನಡುವೆ ನಿಂತು ತಿರುಗಿದ, ನೆರಿಗೆ ಬಿಚ್ಚಿಕೊಂಡು ಮತ್ತೆ ಕೂತಿತು. ನನ್ನ ಮಗ ಇಷ್ಟು ಚೆಂದ ಇದ್ದಾನೆಂದು ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅವರು ಒಂದು ಬೂಟು ಕಳಚಿ, ಇನ್ನೊಂದು ಕಾಲಿನದ್ದು ಕಳಚದೆ ಹಾಗೇ ನಿಂತರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು.

"ಹೇಗುಂಟು? ಈಗ ಮರ್ಯಾದೆ ಆಯ್ತಾ?" ಎಂದೆ ನಾನು, ಸೊಂಟಕ್ಕೆ ಕೈ ಕೊಟ್ಟು.

ಅವರು ಹತ್ತಿರ ಬಂದರು. ಮಗನ ಕಾಲರನ್ನು ಎರಡು ಬೆರಳಲ್ಲಿ ಹಿಡಿದು, ಕೋಟಿನ ಒಳಬದಿ ನೋಡಿದರು, ದರ್ಜಿಯ ಚೀಟಿ ಇದ್ದ ಕಡೆ. ಕೋಟು ನಿಂತ ಜಾಗ ನೋಡಿದರು. "ಸರಿ ಕೂತಿದೆ" ಎಂದರು. ಚೀಲವನ್ನು ಸೋಫಾದ ಮೇಲಿಟ್ಟು ಬಚ್ಚಲಿಗೆ ಹೋದರು, ನಲ್ಲಿ ಬಿಟ್ಟರು. ನಲ್ಲಿಯ ಸದ್ದು ತುಂಬ ಹೊತ್ತು ಕೇಳಿಸಿತು.

ಚೀಲದಲ್ಲಿ ಇದ್ದಲು ಬಣ್ಣದ ಪ್ಯಾಂಟಿತ್ತು. ಇಸ್ತ್ರಿ ಹಾಕಿ ಮಡಚಿದ್ದು. ಜಹ್ರಾದ ಯಾವುದೋ ದರ್ಜಿ ಸೊಂಟದಲ್ಲಿ ಒಂದಿಷ್ಟು ಅಗಲ ಬಿಟ್ಟು ಹೊಲಿದಿದ್ದ, ಹೊಲಿಗೆ ಸೊಟ್ಟಗಿತ್ತು. ಜೊತೆಗೆ ಒಂದು ಹೊಸ ಶರ್ಟು, ಒಂದು ಮೆರೂನ್ ಟೈ. ನಮ್ಮ ಮದುವೆಯ ಫೋಟೋದಲ್ಲಿ ಅವರು ಕಟ್ಟಿದ್ದು ಅಂಥದ್ದೇ ಟೈ.

ನಾನು ಸೋಫಾದಲ್ಲಿ ಕೂತುಬಿಟ್ಟೆ. ಅಕ್ಟೋಬರಿನಿಂದ ಅವರು ಅನ್ನ ಬಿಟ್ಟು ಎರಡೇ ಚಪಾತಿ ತಿನ್ನುತ್ತಿದ್ದರು. ದಿನಾ ಸಂಜೆ ಬಸ್ಸಿಳಿದು ಪಕ್ಕದ ಶಾಲೆಯ ಗೋಡೆಯ ಸುತ್ತ ನಾಲ್ಕು ಸುತ್ತು ನಡೆಯುತ್ತಿದ್ದರು. ಕ್ಲಿನಿಕ್ಕಿನ ಡಾಕ್ಟರು ಸಕ್ಕರೆ ಕಾಯಿಲೆಯ ಹೆದರಿಕೆ ಹಾಕಿದ್ದಾರೆಂದು ನಾನು ತಿಳಿದಿದ್ದೆ. "ಜಹ್ರಾದಲ್ಲಿ ಯಾರನ್ನು ನೋಡಿಟ್ಟಿದ್ದೀರಿ, ಇಷ್ಟು ಸಪೂರ ಆಗ್ಲಿಕ್ಕೆ?" ಎಂದು ಛೇಡಿಸಿದ್ದೆ. ಅವರು ನಕ್ಕು, "ಉಂಟು ಒಬ್ಬಳು" ಎಂದಿದ್ದರು. ಮದುವೆಯ ದಿನದ ಕೋಟಿನೊಳಗೆ ಮತ್ತೊಮ್ಮೆ ಹಿಡಿಯಬೇಕೆಂದು ಮೂರು ತಿಂಗಳು ನಡೆದ ಮನುಷ್ಯ. ಹೊಲಿಯುವ ಹೆಂಡತಿಗೆ ಗೊತ್ತಾಗಬಾರದೆಂದು ಪ್ಯಾಂಟನ್ನು ಹೊರಗಿನವನ ಕೈಗೆ ಕೊಟ್ಟ ಮನುಷ್ಯ. ತೆಗಿಲಿಕ್ಕುಂಟು ಎಂದರೆ ತೊಡಲಿಕ್ಕೆ ತೆಗೆಯಬೇಕು ಎಂದು.

ಬಚ್ಚಲಿನಿಂದ ಬಂದವರ ಮುಖ ಒದ್ದೆಯಿತ್ತು. ನಾನು ಬಾಯಿ ತೆರೆದೆ. "ಖಲಾಸ್, ಬಿಡು" ಎಂದರು. ಮಗನಿಗೆ ಏನೂ ತಿಳಿಯಲಿಲ್ಲ, ಅವನಿಗೆ ಹೇಳಬಾರದೆಂದು ಕಣ್ಣಲ್ಲೇ ಸೂಚಿಸಿದರು.

ಬೆಳ್ಳಿಹಬ್ಬಕ್ಕೆ ಅವರು ಆ ಪ್ಯಾಂಟು, ಹೊಸ ಶರ್ಟು, ಮೆರೂನ್ ಟೈ ಹಾಕಿದರು. ಮೇಲೆ ಏನೂ ಇಲ್ಲ. ಜನವರಿಯ ಚಳಿಯಲ್ಲಿ ಎಲ್ಲರೂ ಕೋಟಿನೊಳಗೆ ಮುದುಡಿರುವಾಗ, ಕೇಳಿದವರಿಗೆಲ್ಲ "ಸೆಕೆ ಮಾರಾಯ್ರೆ" ಎಂದರು. ನಾನು ಸಾಡೊ ಉಟ್ಟಿದ್ದೆ, ಒಂದು ನೂಲೂ ಕಡಿಮೆಯಾಗದ ಸಾಡೊ. ಫೋಟೋಕ್ಕೆ ನಿಂತಾಗ ಮಗ ಅಪ್ಪನ ಹೆಗಲ ಮೇಲೆ ಕೈ ಹಾಕಿದ, ಅಪ್ಪ ಅವನ ಬೆನ್ನಿನ ಮೇಲೆ. ಮೇಲಿನ ಕೋಟು ಮಗನ ಮೈಮೇಲೆ, ಕೆಳಗಿನ ಪ್ಯಾಂಟು ಅಪ್ಪನ ಮೈಮೇಲೆ, ಒಂದೇ ಬಟ್ಟೆ. ಯಾರೋ ಮ್ಯಾಚ್ ಮಾಡಿ ಹೊಲಿಸಿದ್ದಾ ಎಂದು ಕೇಳಿದರು. "ಹೌದು, ಇವಳೇ ಹೊಲಿದದ್ದು" ಎಂದರು ಅವರು. ನನಗೆ ಬೇಕಾಗಿದ್ದ ಫೋಟೋ ನನಗೆ ಸಿಕ್ಕಿತು. ಈಗಲೂ ಗೋಡೆಯಲ್ಲಿದೆ. ಅದನ್ನು ನೋಡಿದವರೆಲ್ಲ ಮಗನ ಕಿಲ್ಟನ್ನು ನೋಡುತ್ತಾರೆ, ನಾನು ನೋಡುವುದು ಚಳಿಗೆ ನೆಟ್ಟಗೆ ನಿಂತ ಆ ಶರ್ಟಿನ ತೋಳುಗಳನ್ನು.

ಮಗ ಕೋಟನ್ನು ಕೊಂಡುಹೋದ. ಆಮೇಲೆ ಅವನು ಅಪ್ಪನ ಹತ್ತಿರವೇ ಫೋನಿನಲ್ಲಿ ಮಾತಾಡತೊಡಗಿದ, ನನ್ನ ಟಪಾಲಿನ ಕೆಲಸ ತಪ್ಪಿತು. ಅದೊಂದು ಒಳ್ಳೆಯದಾಯಿತು, ಸುಳ್ಳು ಹೇಳಲಾರೆ. ಸ್ನೇಹಿತರ ಮದುವೆಗಳಿಗೆಲ್ಲ ಅದೇ ಕಿಲ್ಟು, ಅದೇ ಕೋಟು. ಫೋಟೋ ಕಳಿಸಿದಾಗೆಲ್ಲ ಅವರು ತುಂಬ ಹೊತ್ತು ನೋಡಿ, ಚೆಂದ ಕಾಣುತ್ತಾನೆ ಎನ್ನುತ್ತಿದ್ದರು.

ಆದರೆ ನಡೆಯುವುದನ್ನು ಬಿಟ್ಟುಬಿಟ್ಟರು. ಹಬ್ಬದ ಮಾರನೆಯ ದಿನದಿಂದಲೇ. ಅನ್ನಕ್ಕೆ ವಾಪಸ್ಸಾದರು. ಹೊಸ ಕೋಟು ಹೊಲಿದುಕೊಡುತ್ತೇನೆ ಎಂದೆ. "ಇನ್ನು ಎಲ್ಲಿಗೆ ಹಾಕ್ಲಿಕ್ಕೆ ಮಾರಾಯ್ತಿ?" ಎಂದರು, ಸಿಟ್ಟಿಲ್ಲದೆ. ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತು ಆಡಿ, ಅತ್ತು, ತಪ್ಪಾಯಿತು ಎನ್ನುತ್ತಿದ್ದೆ. ಆ ಮನುಷ್ಯ ಅವಕಾಶವನ್ನೇ ಕೊಡಲಿಲ್ಲ. ಸಂಜೆ ನಡೆಯಲು ಹೋಗಿ ಎಂದು ಹೇಳಲಿಕ್ಕೂ ನನಗೆ ಬಾಯಿ ಬರುತ್ತಿರಲಿಲ್ಲ, ಯಾಕೆಂದು ಇಬ್ಬರಿಗೂ ಗೊತ್ತಿತ್ತು.

ಮೂರು ವರ್ಷದ ನಂತರ, ಒಂದು ಬೆಳಿಗ್ಗೆ, ಜಹ್ರಾದ ಕ್ಲಿನಿಕ್ಕಿನಲ್ಲಿ ಫೈಲು ತೆಗೆಯಲಿಕ್ಕೆ ಬಗ್ಗಿದವರು ಏಳಲಿಲ್ಲ. ಹೃದಯ ಎಂದರು. ಸುತ್ತ ಡಾಕ್ಟರುಗಳೇ ಇದ್ದರು, ಏನೂ ಮಾಡಲಾಗಲಿಲ್ಲ.

ಅವರನ್ನು ಊರಿಗೆ ಕಳಿಸಲಿಕ್ಕೆ ಕಾಗದಪತ್ರ ಆಗುವಷ್ಟರಲ್ಲಿ ಮಗ ಬಂದ. ಬಾಗಿಲಲ್ಲೇ ಬ್ಯಾಗು ತೆರೆದು ಕೋಟನ್ನು ನನ್ನ ಕೈಗೆ ಕೊಟ್ಟ. ನಮ್ಮಲ್ಲಿ ಮದುವೆಯ ಬಟ್ಟೆಯಲ್ಲೇ ಮಣ್ಣಿಗೆ ಕಳಿಸುವ ರೂಢಿ ಇದೆ. "ಇದು ಡ್ಯಾಡಿದು" ಎಂದ, ಕೊಂಕಣಿಯಲ್ಲಿ. ಯಾವಾಗ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ನಮ್ಮ ಮದುವೆಯ ಫೋಟೋ ಅವನ ಹತ್ತಿರವೂ ಇದ್ದೀತು.

ಚೂರುಬಟ್ಟೆಯ ಚೀಲವನ್ನು ನೆಲಕ್ಕೆ ಸುರಿದೆ. ತುಂಡುಗಳು ತಳದಲ್ಲಿದ್ದವು, ಒಂದರಲ್ಲಿ ಕೆಳಗಿನ ಗುಂಡಿ ಹಾಗೇ ಇತ್ತು. ಜೋಡಿಸಿ ನೋಡಿದರೆ ಹೊಂದಲಿಲ್ಲ, ನಾನು ಪಕ್ಕ ಹಿಡಿದಿದ್ದೆನಲ್ಲ. ಆ ಹೊಲಿಗೆಗಳನ್ನು ಬಿಚ್ಚಿದೆ. ಮೆಷಿನ್ನಿಗೆ ಹಾಕಲಿಲ್ಲ, ಬೆಳಗಿನಿಂದ ಮಧ್ಯಾಹ್ನದವರೆಗೆ ಕೈಯಲ್ಲೇ ಹೊಲಿದೆ. ಮಗ ಎದುರು ಕೂತು ಬಟ್ಟೆಯನ್ನು ಬಿಗಿ ಹಿಡಿದುಕೊಂಡ. ಎಷ್ಟು ಸಣ್ಣ ಹೊಲಿಗೆ ಹಾಕಿದರೂ ಸೊಂಟದ ಸುತ್ತ ಗೆರೆ ಕಾಣುತ್ತಿತ್ತು. ನನ್ನ ಒಳ್ಳೆಯ ಕೈ ಅಲ್ಲಿಗೆ ಸೋತಿತು.

ಆಸ್ಪತ್ರೆಯ ಶವಾಗಾರದಲ್ಲಿ ಕೋಟು ಅವರ ಮೈಗೆ ಆಗಲಿಲ್ಲ. ಮೂರು ವರ್ಷದ ಅನ್ನ ಮೈಗೆ ಹತ್ತಿತ್ತು. ಅಲ್ಲಿದ್ದ ಕೆಲಸದವನು ಪಾಪ ಒಳ್ಳೆಯವನು, "ಮೇಡಂ, ಪೀಛೇ ಸೇ ಕಾಟ್ ದೋ. ಸಬ್ ಕರ್ತೇ ಹೈಂ" ಎಂದು ಕತ್ತರಿ ತಂದುಕೊಟ್ಟ. ಬೆನ್ನಿನ ಕಡೆ ಸೀಳಿದರೆ ಮುಂದಿನಿಂದ ಕಾಣುವುದಿಲ್ಲ, ಎಲ್ಲರೂ ಹಾಗೇ ಮಾಡುತ್ತಾರಂತೆ. ನಾನು ಕೈ ಹಿಂದೆ ಕಟ್ಟಿಕೊಂಡೆ. ಕತ್ತರಿ ಬೇಡ ಎಂದೆ. ಇನ್ನೊಮ್ಮೆ ಆ ಕೋಟನ್ನು ಕತ್ತರಿಸಲಾರೆ ಎಂದು ಜೋರಾಗಿ ಅತ್ತೆ. ಕಡೆಗೆ ಗುಂಡಿ ಹಾಕಿದ ಕೋಟನ್ನು ಅವರ ಎದೆಯ ಮೇಲೆ ಹಾಸಿ, ತೋಳುಗಳನ್ನು ತೋಳುಗಳ ಮೇಲಿಟ್ಟೆ, ಅಳತೆ ನೋಡುವಾಗ ಗಿರಾಕಿಯ ಮೇಲೆ ಹಿಡಿದು ನೋಡುವ ಹಾಗೆ.

ಕಾಗದಪತ್ರಕ್ಕೆ ನಮಗಾಗಿ ಓಡಾಡಿದ ಒಬ್ಬರು ಪಕ್ಕದಲ್ಲಿ ನಿಂತಿದ್ದರು, ತುಳು ಮಾತಿನವರು, ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಅವರು ಮೆಲ್ಲಗೆ ಕೇಳಿದರು.

"ಅಕ್ಕಾ, ಕೋಟು ತೆಗಿಲಿಕ್ಕುಂಟಾ?"

ನಾನು ಅವರ ಮುಖ ನೋಡಿದೆ. "ತೆಗಿಯೋದು ಅಂದ್ರೆ ಎಂತ, ಅಣ್ಣ?" ಎಂದು ಕೇಳಿದೆ.

ಅವರು ಗಲಿಬಿಲಿಗೊಂಡರು. "ಎಂತ ಅಂದ್ರೆ... ಮೇಲೆ ಬರೇ ಹಾಸಿದ್ದಲ್ಲ. ನೀವು ಮನೆಗೆ ಕೊಂಡೋಗ್ತೀರಾ ಅಂತ."

"ಬೇಡ," ಎಂದೆ. "ಹಾಕ್ಲಿಕ್ಕೆ ಅಂತ ಅವರು ಹೇಳಿದ್ದು."